ನಾಲ್ಕು ಪೌಂಡ್ ನೀರು

ಲೈನಸ್ ನಾಲ್ಕು ಪೌಂಡ್ ಕಡಿಮೆ ತೂಗುತ್ತಿದ್ದ. ಅವನು ಮಾಡಿದ ಅಪರಾಧ ಇಷ್ಟೇ.

ಫಿಲಡೆಲ್ಫಿಯದ ಹೊಳೆಯಲ್ಲಿ ಎಂಟು ಜನ ಹುಟ್ಟು ಹಾಕುವ ದೋಣಿಗೆ ಅವನು ಕಾಕ್ಸ್. ಅಂದರೆ ಹಿಂದೆ ಕೂತು ಚುಕ್ಕಾಣಿ ಹಿಡಿದು ಕೂಗುವವನು. ಕಾಕ್ಸ್ ನೂರಿಪ್ಪತ್ತೈದು ಪೌಂಡ್ ಇಲ್ಲದಿದ್ದರೆ ಕೊರತೆಯಷ್ಟು ಮರಳಿನ ಚೀಲ ದೋಣಿಗೆ ಹತ್ತಬೇಕು. ಈ ನಿಯಮ ಬರೆದವನು ಜನ್ಮದಲ್ಲಿ ಹುಟ್ಟು ಹಿಡಿದಿರಲಿಕ್ಕಿಲ್ಲ.

"ಮರಳು ಸಾಗಿಸೋಕೆ ಇದೇನು ಲಾರಿನಾ?" ಅಂದ ಕೋಚ್ ಹ್ಯಾಲೊರನ್. "ಇವತ್ತು ಚೀಲ ಇಲ್ದೆ ಗೆಲ್ಸು, ವರ್ಷಪೂರ್ತಿ ಸೀಟು ನಿಂದು. ಇಲ್ಲಾಂದ್ರೆ ನಮ್ ಇನ್ನೊಬ್ಳು ಕಾಕ್ಸ್ ಪ್ರಿಸಿಲ್ಲಾಗೆ."

"ಅಳ್ಬೇಡ ಪುಟಾಣಿ, ನೀರು ಕುಡಿ," ಅಂದ ಗಸ್, ಕೋಣದಂಥ ಹುಟ್ಟುಗಾರ. "ತೂಕ ಆದ್ಮೇಲೆ ಖಾಲಿ ಮಾಡ್ಕೊಂಡ್ರಾಯ್ತು."

ಎಂಟೂ ಜನ ಬಾಟಲಿ ಹಿಡಿದು ಸುತ್ತುವರಿದರು. ಒಬ್ಬ ಮೂಗು ಹಿಡಿದ, ಒಬ್ಬ ಬೆನ್ನು ನೀವಿದ. ಲೈನಸ್‌ನ ಹೊಟ್ಟೆ ನೀರಿನ ಕೊಡದಂತೆ ತುಳುಕತೊಡಗಿತು. ತೂಕದ ಸಾಲೋ, ಕರಗುವುದೇ ಇಲ್ಲ.

"ಹೊಳೆ ಕಡೆ ನೋಡ್ಬೇಡ್ವೋ!"

"ಕಾಲು ಕುಣಿಸ್ಬೇಡ, ಡೌಟು ಬರತ್ತೆ!"

ಕೊನೆಗೂ ತೂಕದ ಮುಳ್ಳು ನೂರಿಪ್ಪತ್ತೈದಕ್ಕೆ ನಿಂತಿತು. ಲೈನಸ್ ಶೌಚಾಲಯಕ್ಕೆ ಓಡಿದ. ಅಲ್ಲಿ ಇನ್ನೂ ದೊಡ್ಡ ಸಾಲು.

"ನಮ್ ರೇಸ್ ಕರೆದ್ರು!" ಗಸ್ ಅವನನ್ನು ಕುರಿಮರಿಯಂತೆ ಕಂಕುಳಲ್ಲಿ ಇರುಕಿ ತಂದು ದೋಣಿಗೆ ಹಾಕಿದ.

ಪ್ರತಿ ಎಳೆತಕ್ಕೂ ಲೈನಸ್‌ನ ಜೀವ ಹೋಗಿ ಬರುತ್ತಿತ್ತು. "ಎಳೀರೋ! ಬೇಗ! ಸಾಯ್ತೀನಿ ಕಣ್ರೋ, ಎಳೀರಿ!" ಇಂಥ ಶ್ರದ್ಧೆಯ ಕೂಗನ್ನು ಅವರು ಕೇಳಿರಲೇ ಇಲ್ಲ. ಕಣ್ಣಲ್ಲಿ ನೀರು ತಂದುಕೊಂಡು ಎಳೆದರು. ಗೆದ್ದೂಬಿಟ್ಟರು.

ಗೆದ್ದ ಕಾಕ್ಸ್‌ನನ್ನು ಹೊಳೆಗೆ ಎಸೆಯುವುದು ಪದ್ಧತಿ. ಎಸೆದರು, ಹಿಂದೆಯೇ ತಾವೂ ಧುಮುಕಿದರು. ಲೈನಸ್ ಕುತ್ತಿಗೆ ಮಟ್ಟದ ನೀರಿನಲ್ಲಿ ಕಣ್ಣು ಮುಚ್ಚಿ, ಸಮಾಧಿಗೆ ಕೂತ ಸನ್ಯಾಸಿಯಂತೆ ಬಹಳ ಹೊತ್ತು ನಿಂತ.

"ಪಾಪ, ಗೆದ್ದ ಖುಷಿ," ಅಂದ ಗಸ್.

ದಡದಿಂದ ತೂಕದ ಅಧಿಕಾರಿಣಿ ಕೂಗಿದಳು. "ಗೆದ್ದ ಕಾಕ್ಸ್ ಮತ್ತೆ ತೂಕಕ್ಕೆ ಬರ್ಬೇಕು! ನೀರು ಕುಡ್ದು ಮೋಸ ಮಾಡೋರು ಜಾಸ್ತಿ ಆಗಿದಾರೆ. ಬಟ್ಟೆ ಹಿಂಡ್ಕೊಂಡು ಹತ್ತಪ್ಪಾ."

ನಾಲ್ಕು ಪೌಂಡ್ ಕಡಿಮೆ. ಗೆಲುವು ರದ್ದು.

"ಈಗ್ತಾನೆ ಸರಿ ಇತ್ತಲ್ಲೋ! ನಾಲ್ಕು ಪೌಂಡು ಎಲ್ಲಿಗೋಯ್ತೋ?" ಹ್ಯಾಲೊರನ್ ಗುಡುಗಿದ.

ಲೈನಸ್ ಮೆಲ್ಲಗೆ ಹೊಳೆಯ ಕಡೆ ನೋಡಿದ.

ಅಲ್ಲಿ ಇನ್ನೂ ಈಜುತ್ತ, ಬಾಯಿ ತುಂಬ ನೀರು ತುಂಬಿಕೊಂಡು ಒಬ್ಬರಿಗೊಬ್ಬರು ಉಗಿಯುತ್ತಿದ್ದ ಎಂಟೂ ಜನ ಕಲ್ಲಾದರು. ಮರುಕ್ಷಣ ರೇಸಿಗಿಂತ ಜೋರಾಗಿ ದಡ ಹತ್ತಿದರು.

"ಕೋಚ್," ಅಂದ ಗಸ್, ನಾಲಗೆ ಒರೆಸಿಕೊಳ್ಳುತ್ತ, "ಪ್ರಿಸಿಲ್ಲಾನ ಕರೀರಿ."