ಘಾನಾದ ಇರುವೆ, ಕೀನ್ಯಾದ ಇರುವೆ

ಆಸ್ಟಿನ್‌ನಲ್ಲಿ ಕೂತು ಆಫ್ರಿಕಾದ ಇರುವೆಯ ಮೇಲೆ ಪಿಎಚ್‌ಡಿ ಮಾಡುವವಳಿಗೆ ಇಂಥ ಫಜೀತಿಗಳು ತಪ್ಪಿದ್ದಲ್ಲ. ನನ್ನದು ಬಡಗಿ ಇರುವೆ, ಅಂದರೆ ಮರ ಕೊರೆದು ಗೂಡು ಮಾಡುವ ಕಾರ್ಪೆಂಟರ್ ಆಂಟ್. ಘಾನಾದಲ್ಲಿ ಸಿಕ್ಕಿದ್ದಕ್ಕೆ ಹಳೇ ಕಾಲದ ವಿಜ್ಞಾನಿಗಳು ಒಂದು ಹೆಸರಿಟ್ಟರು, ಕೀನ್ಯಾದಲ್ಲಿ ಸಿಕ್ಕಿದ್ದಕ್ಕೆ ಇನ್ನೊಂದು. ಕೀನ್ಯಾದ್ದರ ಕೆನ್ನೆ ಮೇಲೆ ಕೂದಲಿದೆ, ಘಾನಾದ್ದಕ್ಕಿಲ್ಲ, ಅಷ್ಟೇ ವ್ಯತ್ಯಾಸ. ಎರಡೂ ಒಂದೇ ಜಾತಿ ಎಂದು ನನ್ನ ವಾದ. "ಹಾಗಾದರೆ ನಡುವಿನ ದೇಶಗಳಲ್ಲಿ ಅರ್ಧಂಬರ್ಧ ಕೂದಲಿನವು ಇರಬೇಕಲ್ಲ? ತೋರಿಸು, ಡಿಗ್ರಿ ತಗೋ" ಎಂದರು ಪ್ರೊಫೆಸರ್. ನನ್ನ ಇಡೀ ಭವಿಷ್ಯ ಆ ಕೂದಲಿನಲ್ಲಿ ನೇತಾಡುತ್ತಿತ್ತು.

ನಮ್ಮವರು ಬಂದಿದ್ದಾರೆ

ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನ ಸಾಫ್ಟ್‌ವೇರ್ ಅಂಕಲ್ ಒಬ್ಬರು ಫೋನ್ ಮಾಡಿದರು. "ನಿಮ್ಮವರು ನಮ್ಮ ಕಿಚನ್‌ಗೆ ಬಂದು ಸಕ್ಕರೆ ಡಬ್ಬದಲ್ಲಿ ಕೂತಿದ್ದಾರಮ್ಮ. ಸ್ವಲ್ಪ ಬಂದು ಮಾತಾಡು."

ಹೋಗಿ ನೋಡಿದೆ. "ಅಂಕಲ್, ಇವು ಟೆಕ್ಸಾಸ್‌ನವು. ನನ್ನದು ಆಫ್ರಿಕಾದ್ದು ಮಾತ್ರ."

ಅಂಕಲ್ ನಿಟ್ಟುಸಿರು ಬಿಟ್ಟರು. "ನಮ್ಮ ಆಫೀಸಲ್ಲೂ ಹೀಗೇ. ಏನು ಕೆಟ್ಟರೂ 'ನನ್ನ ಮಾಡ್ಯೂಲ್ ಅಲ್ಲ' ಅಂತಾರೆ."

ಅರಿಶಿನದ ಗೆರೆ

ನಡುವಿನ ದೇಶಗಳ ಇರುವೆಗಳು ಮ್ಯೂಸಿಯಂನ ಹಳೆಯ ಸಂಗ್ರಹದಲ್ಲಿ ಇರಬಹುದೆಂದು ಡಾಲಸ್‌ಗೆ ಡ್ರೈವ್ ಮಾಡಿದೆ. ಹೋಲಿಸಿ ನೋಡಲು ನನ್ನ ಇರುವೆಗಳ ಡಬ್ಬಿಯೂ ಜೊತೆಗಿತ್ತು. ಸಂಗ್ರಹದಲ್ಲಿ ಬೇಕಾದ್ದು ಸಿಗಲಿಲ್ಲ. ಸಪ್ಪೆ ಮುಖ ಹಾಕಿಕೊಂಡು ಗೆಳತಿಯ ಮನೆಯಲ್ಲಿ ಮಲಗಿದೆ.

ಬೆಳಿಗ್ಗೆ ಎದ್ದರೆ ಡಬ್ಬಿಯ ಸುತ್ತ ಅರಿಶಿನದ ಗೆರೆ! ಮೈಸೂರಿನಿಂದ ಬಂದಿದ್ದ ಗೆಳತಿಯ ಅಜ್ಜಿಯ ಕೆಲಸ.

"ಅಜ್ಜಿ, ಅವು ಸತ್ತು ಎಷ್ಟೋ ಕಾಲ ಆಯ್ತು. ಎಲ್ಲಿಗೆ ಹೋಗ್ತವೆ?"

"ಅವು ಹೋಗಲ್ಲ ಕಣೇ. ಸಾವಾದ ಮನೆ ಅಂದ್ಮೇಲೆ ಮಾತಾಡಿಸ್ಕೊಂಡು ಹೋಗೋಕೆ ನೆಂಟ್ರು ಬರಲ್ವಾ?"

ಸಂಬಂಧ

ಹ್ಯೂಸ್ಟನ್‌ಗೆ ಹೋಗಿದ್ದು ಇರುವೆಗಲ್ಲ, ಊಟಕ್ಕೆ. ಅಲ್ಲೇ ಪಕ್ಕದ ಸ್ಟಾಫರ್ಡ್‌ನಲ್ಲಿ ಪರಿಚಯದ ಆಂಟಿಯ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಕೋಸಂಬರಿ ಬಡಿಸಿಕೊಳ್ಳುವ ಹೊತ್ತಿಗೆ ಲ್ಯಾಬಿನಿಂದ ಧಾರವಾಡದ ಹುಡುಗನ ಫೋನ್.

"ಕಾಂಗೋದಿಂದ ಪಾರ್ಸೆಲ್ ಬಂದೈತ್ರೀ! ಕೆನ್ನಿ ಮ್ಯಾಲೆ ಕೂದಲಾ ಅರ್ಧಂಬರ್ಧ ಅದಾವ್ರೀ!"

ನಾನು ಕುಣಿದುಬಿಟ್ಟೆ. "ನಾನು ಹೇಳ್ಲಿಲ್ವಾ? ಕೆನ್ನೆ ಮೇಲೆ ಒಂದಿಷ್ಟು ಕೂದಲಿದ್ರೆ ಏನಂತೆ! ಘಾನಾ ಆದ್ರೇನು, ಕೀನ್ಯಾ ಆದ್ರೇನು, ಜಾತಿ ಒಂದೇ! ಇನ್ನು ಯಾರೂ ಬೇಡ ಅನ್ನೋ ಹಾಗಿಲ್ಲ!"

ಪಾಯಸದ ಪಾತ್ರೆ ಹಿಡಿದ ಆಂಟಿ ಪಕ್ಕದಲ್ಲೇ ನಿಂತಿದ್ದರು. ಅವರಿಗೆ ಕೇಳಿಸಿದ್ದು ನನ್ನ ಮಾತು ಮಾತ್ರ.

"ಅಂತೂ ಫಿಕ್ಸ್ ಆಯ್ತೇನೇ?"

"ಆಯ್ತು ಆಂಟಿ!" ನನ್ನ ಕಣ್ಣಲ್ಲಿ ನೀರೇ ಬಂತು. ಇರುವೆಯ ಬಗ್ಗೆ ಇಷ್ಟು ಅಕ್ಕರೆಯಿಂದ ಯಾರೂ ಕೇಳಿರಲಿಲ್ಲ.

"ಆಫ್ರಿಕಾದವರಾ?"

"ಹೂಂ, ಅಪ್ಪಟ ಆಫ್ರಿಕಾ."

"ಏನು ಕೆಲಸ?"

ಆಂಟಿ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. "ಇನ್ನೇನು, ಕಾರ್ಪೆಂಟರ್!"

ಆಂಟಿ ಸೌಟನ್ನು ಪಾಯಸದೊಳಗೇ ಬಿಟ್ಟುಬಿಟ್ಟರು, ಆಮೇಲೆ ಸುಧಾರಿಸಿಕೊಂಡರು. "ಒಳ್ಳೇದೇ ಬಿಡು. ಲೇಆಫ್ ಭಯ ಇಲ್ಲ. ಮನೇಲಿ ಎಷ್ಟು ಜನ?"

"ಸಾವಿರಾರು, ಆಂಟಿ! ಎಲ್ಲಾ ಒಂದೇ ತಾಯಿ ಮಕ್ಕಳು. ಆಯಮ್ಮ ಕೂತಲ್ಲಿಂದ ಏಳೋದೇ ಇಲ್ಲ, ಊಟ ಕೂಡ ಇವರೇ ಬಾಯಿಗೆ ಇಡ್ಬೇಕು."

ಆಂಟಿ ಪಾತ್ರೆ ಕೆಳಗಿಟ್ಟು ನನ್ನ ಎರಡೂ ಕೈ ಹಿಡಿದುಕೊಂಡರು.

"ನೋಡು ಪುಟ್ಟಿ, ದೂರದ ಊರು, ಇರಲಿ. ಕೆನ್ನೆ ಕೂದಲಿಗೆ ಹಿಲ್‌ಕ್ರಾಫ್ಟ್‌ನ ಪಾರ್ಲರಿನಲ್ಲಿ ಥ್ರೆಡಿಂಗ್ ಮಾಡಿಸೋಣ. ಆದ್ರೆ ಆ ಅತ್ತೆ ಮಾತ್ರ ಬೇಡಮ್ಮಾ!"