ನಮ್ಮ ಫ್ರಿಜ್ಜಿಗೆ ಬಂದ ಆ್ಯಂಟಿಬಾಡಿ

ಗುರ್ರ್... ಢಕ್. ಸಿಂದಗಿಯ ನಮ್ಮ ಮನೆಯ ಫ್ರಿಜ್ಜು ಕರೆಂಟು ಬಂದಾಗಲೆಲ್ಲ ಹೀಗೆ ಕೆಮ್ಮಿ ಏಳುತ್ತಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಆ ಸದ್ದು ದಿನಕ್ಕೆ ಐದಾರು ಸಲ ಕೇಳುತ್ತಿತ್ತು. ಏಕೆಂದರೆ ಕರೆಂಟು ಐದಾರು ಸಲ ಹೋಗುತ್ತಿತ್ತು.

ಒಂದು ಮಧ್ಯಾಹ್ನ ನನ್ನ ಅಕ್ಕನ ಮಗಳು ವಿದ್ಯಾ ಬಂದಳು. ಪಿಎಚ್.ಡಿ. ಮಾಡುತ್ತಿದ್ದ ಹುಡುಗಿ. ಬಿಜಾಪುರದಿಂದ ಗುಲಬರ್ಗಾಕ್ಕೆ ಹೊರಟವಳು ದೇವಣಗಾಂವದಲ್ಲಿ ಗೆಳತಿಯ ಮದುವೆ ಮುಗಿಸಿಕೊಂಡು ಹೋಗೋಣವೆಂದು ನಮ್ಮಲ್ಲಿ ಇಳಿದಿದ್ದಳು. ಕೈಯಲ್ಲಿ ಐಸಿನ ಡಬ್ಬಿ, ಅದರೊಳಗೆ ಕಿರುಬೆರಳಿನಷ್ಟು ಶೀಸೆ.

"ಮೌಶಿ, ಇದು ಆ್ಯಂಟಿಬಾಡಿ. ಎರಡ ತಿಂಗಳ ಕಾದು ಫಾರಿನ್ನಿಂದ ತರಿಸೇನಿ. ಥೀಸಿಸ್ಸಿನ ಕಡೀ ಪ್ರಯೋಗ ಇದರ ಮ್ಯಾಲೇ ಐತಿ. ಎರಡ ದಿನ ಫ್ರಿಜ್ಜಿನ್ಯಾಗ ಇಡ್ರಿ. ಹೆಂಗ ಇಡಬೇಕಂತ ಲೇಬಲ್ಲಿನ ಮ್ಯಾಲೆ ಬರದೈತಿ."

"ಡೋಂಟ್ ವರಿ. ಇಂಗ್ಲಿಷ್ ಓದೂದು ನನಗ ಕಾನ್ವೆಂಟಿನ ಸಿಸ್ಟರ್ ಕಲಿಸ್ಯಾರ" ಎಂದೆ.

ಉಂಡಾಗ ಕರುಳಿನಿಂದ ಒಂದು ಹಾರ್ಮೋನು ಹೊರಟು, ಹೊಟ್ಟೆ ತುಂಬಿತೆಂಬ ಸುದ್ದಿ ಒಯ್ಯುತ್ತದಂತೆ. ಆ ಸುದ್ದಿಯನ್ನು ಒಳಗೆ ಬಿಟ್ಟುಕೊಳ್ಳುವ ಬಾಗಿಲಿನ ಹೆಸರು ರಿಸೆಪ್ಟರ್. ಅದೆಲ್ಲಿದೆಯೆಂದು ಹುಡುಕಿ, ಅಂಟಿಕೊಂಡು, ಮೈಕ್ರೋಸ್ಕೋಪಿನಡಿ ಹೊಳೆಯುವುದು ಈ ಆ್ಯಂಟಿಬಾಡಿಯ ಕೆಲಸ. ವಿದ್ಯಾ ಮದುವೆಗೆ ಹೋದ ಮೇಲೆ ನಾನಿದನ್ನು ಅತ್ತೆಯವರಿಗೆ ವಿವರಿಸಿದೆ.

"ಹೊಟ್ಟಿ ತುಂಬೈತೋ ಇಲ್ಲೋ ತಿಳ್ಯಾಕ ಇಷ್ಟೆಲ್ಲಾ ಯಾಕ? ಉಂಡಾವನ್ನ ಕೇಳಿದ್ರ ಹೇಳೂದಿಲ್ಲೇನು?"

ನನ್ನ ವಿದ್ಯಾಭಿಮಾನ ಕೆರಳಿತು. ಶೀಸೆಯನ್ನು ಎತ್ತಿ ಹಿಡಿದು, ಎಲೊಕ್ಯೂಶನ್ ಸ್ಪರ್ಧೆಯ ಧಾಟಿಯಲ್ಲಿ ಲೇಬಲ್ ಓದುತ್ತ, ಸಾಲುಸಾಲಾಗಿ ಕನ್ನಡ ಮಾಡತೊಡಗಿದೆ. ಮೂರನೆಯ ಸಾಲಿನಲ್ಲಿ 'ರ‍್ಯಾಬಿಟ್' ಎಂದಿತ್ತು.

"ಅಂದ್ರ?"

"ಮೊಲ. ಮೊಲದ ರಕ್ತದಾಗಿಂದ ತಗದದ್ದರಿ, ಅತ್ತಿಯಾರ."

ಅತ್ತೆ ಎದ್ದು ನಿಂತರು. ನಮ್ಮ ಹೊಸ್ತಿಲನ್ನು ಅದುವರೆಗೆ ಒಂದು ತತ್ತಿ ಕೂಡ ದಾಟಿರಲಿಲ್ಲ.

"ಸ್ವಾಮವಾರದ ಪೂಜಿ ಹಾಲಿನ ಬಾಜೂಕ ರಕ್ತ ಇಡತೀಯೇನವಾ? ಒಂದೋ ಅದು ಹೊರಗ ಹೋಗಬೇಕು, ಇಲ್ಲಾ ನಾನರ ಹೋಗಬೇಕು."

ಇಬ್ಬರನ್ನೂ ಮನೆಯಲ್ಲಿ ಉಳಿಸಿಕೊಳ್ಳುವ ಹೊಣೆ ನನ್ನ ಮೇಲೆ ಬಿತ್ತು. ಅರ್ಧ ತಾಸು ಸಂಧಾನ ನಡೆದು ಒಪ್ಪಂದವಾಯಿತು. ಫ್ರೀಜರಿಗೆ ಬೇರೆ ಬಾಗಿಲಿದೆ. ಬೇರೆ ಬಾಗಿಲಿದ್ದರೆ ಅದು ಬೇರೆ ಮನೆ. ಶೀಸೆಯನ್ನು ಸ್ಟೀಲಿನ ಡಬ್ಬಿಗೆ ಹಾಕಿ ಫ್ರೀಜರಿಗೆ ಏರಿಸಿದೆ. ಅತ್ತೆ ಅದರ ಬಾಗಿಲಿಗೆ ಮೂರು ಬೆರಳಿನ ವಿಭೂತಿ ಎಳೆದರು. ಕೆಳಗಿನದಕ್ಕಿಂತ ಮೇಲಿನದೇ ಹೆಚ್ಚು ತಂಪು, ಹುಡುಗಿಗೆ ಒಳ್ಳೆಯದೇ ಆಯಿತು ಎಂದುಕೊಂಡೆ.

ಎರಡು ದಿನ ಕರೆಂಟು ಹೋಗಿ ಬಂದು ಮಾಡಿತು. ಶೀಸೆ ಹೆಪ್ಪುಗಟ್ಟಿತು, ಕರಗಿತು, ಮತ್ತೆ ಹೆಪ್ಪುಗಟ್ಟಿತು. ವಿದ್ಯಾ ಮರಳುವ ಬೆಳಿಗ್ಗೆ ನೋಡಿದರೆ ಕಲ್ಲಾಗಿತ್ತು. ಅವಳಿಗೇಕೆ ತ್ರಾಸು ಎಂದು ಬಚ್ಚಲ ಹಂಡೆಯ ಬಿಸಿನೀರಿನಲ್ಲಿ ಅದ್ದಿ ಕರಗಿಸಿದೆ. ಇಷ್ಟು ಕಾಳಜಿಯ ಮೌಶಿ ಯಾರಿಗುಂಟು?

ಮೂರು ವಾರದ ಮೇಲೆ ಫೋನು ಬಂತು. ವಿದ್ಯಾಳ ದನಿ ಒಡೆದಿತ್ತು.

"ನಾಕ ಸಲ ಮಾಡಿದ್ನಿ ಮೌಶಿ, ಸ್ಲೈಡಿನ್ಯಾಗ ಬರೇ ಕತ್ತಲಿ. ನಿನ್ನ ಕೈಯಾಗ ಈ ಕೆಲಸ ಆಗೂದಿಲ್ಲ, ಬಿಟ್ಟ ಬಿಡು ಅಂತಾರ ನಮ್ಮ ಗೈಡು. ಅವ್ವ ಆಗಲೇ ವರಾ ನೋಡಾಕತ್ಯಾಳ."

ನನ್ನ ಕಿವಿ ಕಾದವು. "ವಿದ್ಯಾ, ಅದನ್ನ ಫ್ರೀಜರಿನ್ಯಾಗ ಇಟ್ಟಿದ್ನಿ. ಆಮ್ಯಾಲೆ ಬಿಸಿನೀರಾಗ..."

ವಿದ್ಯಾ ನನಗೆ ಮಾತು ಮುಗಿಸಗೊಡಲಿಲ್ಲ.

"ಡು ನಾಟ್ ಫ್ರೀಝ್ ಅಂತ ದಪ್ಪ ಅಕ್ಷರದಾಗ ಇತ್ತಲ್ರಿ. ಲೇಬಲ್ ಓದಿದ್ರೋ ಇಲ್ಲೋ?"

"ಓದಿದ್ನಿ. ಮೊಲದ ತನಕ ಓದಿದ್ನಿ."

ಅಂದೇ ಅವಳ ಗೈಡಿಗೆ ಎರಡು ಪುಟದ ಇಂಗ್ಲಿಷ್ ಪತ್ರ ಬರೆದೆ. 'ದಿ ಕ್ಯಾಂಡಿಡೇಟ್ ಈಸ್ ಇನೊಸೆಂಟ್. ದಿ ಆಂಟ್ ಈಸ್ ಗಿಲ್ಟಿ.' ಬಿಸಿನೀರಿನ ಪ್ರಸಂಗಕ್ಕೇ ಒಂದು ಪ್ಯಾರಾ ಮೀಸಲಿಟ್ಟೆ. ಪುಣ್ಯಾತ್ಮರು ಇನ್ನೊಂದು ಶೀಸೆ ತರಿಸಲು ಒಪ್ಪಿದರು.

ವಿದ್ಯಾಳನ್ನು ನಾನು ಕೊನೆಯ ಸಲ ನೋಡಿದ್ದು ಆ ಎರಡನೆಯ ಶೀಸೆ ಒಯ್ಯುವಾಗ. ಆಮೇಲೆ ಪಿಎಚ್.ಡಿ. ಆಯಿತು, ಪುಣೆಯಲ್ಲಿ ನೌಕರಿ ಆಯಿತು, ಭೇಟಿಯೊಂದು ಆಗಲಿಲ್ಲ. ಅಂದು ಬಸ್ಸು ಸಿಂದಗಿಯಲ್ಲಿ ಹತ್ತು ನಿಮಿಷ ನಿಂತಿತ್ತು. ರೊಟ್ಟಿ ಕಟ್ಟಿಕೊಂಡು ಓಡಿದೆ. ಕೆಳಗಿಳಿದು ಬಂದು ನಕ್ಕಳು, ಅತ್ತೆಯವರ ಮೊಣಕಾಲು ನೋವು ವಿಚಾರಿಸಿದಳು.

"ಮಾರಿ ತೊಳಕೊಂಡ ಬರ್ತೇನಿ ಮೌಶಿ, ಇವನ್ನ ಹಿಡೀರಿ" ಎಂದು ಪರ್ಸು, ವಾಚು, ಕೊರಳಿನ ಬಂಗಾರದ ಸರ ಎಲ್ಲ ನನ್ನ ಕೈಗೆ ಹಾಕಿದಳು.

ಶೀಸೆಯನ್ನು ಮಾತ್ರ ನಲ್ಲಿಯ ತನಕ ಹೊತ್ತುಕೊಂಡೇ ಹೋದಳು.