ಫ್ರಿಜ್ಜಿನೊಳಗಿನ ದೇವರು

ನಮ್ಮ ಜನಕ್ಕೆ ಕೈಮುಗಿಯಲು ಏನಾದರೂ ಬೇಕೇ ಬೇಕು. ತೊಂಬತ್ತರ ದಶಕದಲ್ಲಿ ಬಸವಕಲ್ಯಾಣ, ಹುಮನಾಬಾದ ಕಡೆ ಮನೆಮನೆಗೆ ಫ್ರಿಜ್ಜು ಬರತೊಡಗಿದಾಗ ಅದನ್ನೂ ಬಿಡಲಿಲ್ಲ! ಫ್ರಿಜ್ಜು ರಿಪೇರಿ ಮಾಡುವ ನನಗೆ ಅದರಿಂದಲೇ ಅನ್ನ, ಅದರಿಂದಲೇ ನಗು.

ಲಕ್ಷ್ಮಿಗೆ ಸೆಕೆ

ಬಸವಕಲ್ಯಾಣದ ಕಿರಾಣಿ ಸಾಹುಕಾರರ ಹೊಸ ಫ್ರಿಜ್ಜು ತಂಪೇ ಮಾಡುತ್ತಿರಲಿಲ್ಲ. ಹೋಗಿ ನೋಡಿದರೆ ಹಿಂದೆ ಮುಂದೆ ದಪ್ಪ ಶಾಲು ಹೊದಿಸಿ ಹಾರ ಹಾಕಿದ್ದಾರೆ!

"ಶಾಲು ತೆಗೀರಿ ಸಾಹುಕಾರ್ರ, ಹಿಂದಿನ ಜಾಲರಿಗೆ ಗಾಳಿ ಬೇಕು."

"ಮನಿಗಿ ಬಂದ ಲಕ್ಷ್ಮಿಗಿ ಸನ್ಮಾನ ಮಾಡೀವ್ರಿ, ಹ್ಯಾಂಗ ತೆಗೀಬೇಕು?"

"ಲಕ್ಷ್ಮಿಗಿ ಸೆಕಿ ಆಗಾಕತ್ತದ್ರಿ!"

ಗಾಬರಿಯಾಗಿ ಶಾಲು ಕಿತ್ತರು. ಮುಂದಿನ ವಾರ ಹೋದಾಗ ಫ್ರಿಜ್ಜಿನ ಮುಂದೆ ಟೇಬಲ್ ಫ್ಯಾನ್ ತಿರುಗುತ್ತಿತ್ತು.

ಮೌನ ಹಿಡಿದ ದೇವರು

ಹುಮನಾಬಾದಿನ ನಿವೃತ್ತ ಮಾಸ್ತರರೊಬ್ಬರ ಫ್ರಿಜ್ಜು ದೇವರ ಕೋಣೆಯಲ್ಲಿತ್ತು. ತೆಗೆದರೆ ಒಳಗೆ ಹಾಲಿಲ್ಲ, ತರಕಾರಿಯಿಲ್ಲ, ತೊಟ್ಟು ನೀರೂ ಇಲ್ಲ.

"ಒಳಗ ಏನೂ ಇಟ್ಟಿಲ್ಲಲ್ರಿ?"

"ಮೈಲಿಗಿ ಆಗ್ತದಪಾ. ನೀರು ಮಡಿಕ್ಯಾಗ ತಣ್ಣಗ ಅವ."

"ಮತ್ತ ನನ್ನ ಯಾಕ ಕರೆಸೀರಿ?"

"ಪೂಜಾದಾಗ ಗುಂಯ್ ಅಂತಿತ್ತು, ಓಂಕಾರ ಕೇಳಿದಂಗ ಆಗ್ತಿತ್ತು. ನಿನ್ನಿಯಿಂದ ದೇವ್ರು ಮೌನ ಹಿಡಿದಾನ!"

ಪ್ಲಗ್ಗು ಸಡಿಲಾಗಿತ್ತು, ಒತ್ತಿದೆ. ಮಾಸ್ತರರು ನನಗೇ ಕೈಮುಗಿದರು.

ಆರಿದ ದೀಪ

ಇದನ್ನು ನೆನೆದರೆ ಈಗಲೂ ಹೊಟ್ಟೆ ಹಿಡಿದು ನಗುತ್ತೇನೆ. ಕೊಹಿನೂರು ಹಳ್ಳಿಯ ಅಜ್ಜಿಯೊಬ್ಬಳು ಬೇಸಿಗೆ ಅಂತ ಮನೆದೇವರನ್ನೇ ಫ್ರಿಜ್ಜಿನೊಳಗೆ ಕೂರಿಸಿದ್ದಳು. ಒಳಗಿನ ಬಲ್ಬೇ ನಂದಾದೀಪ. ಅದು ಸುಟ್ಟುಹೋಗಿತ್ತು. ಅವತ್ತೇ ಮಗಳಿಗೆ ಹುಮನಾಬಾದಿನ ಆಸ್ಪತ್ರೆಯಲ್ಲಿ ಹೆರಿಗೆ ನೋವು. ಬಾಗಿಲಲ್ಲಿ ಆಟೋ ನಿಂತಿದೆ, ಅಜ್ಜಿ ಕದಲಳು!

"ದೀಪದ ಬೆಳಕಿನ್ಯಾಗ ದೇವ್ರ ಮಾರಿ ನೋಡಲಾರದ ನಾ ಹೊರಡಂಗಿಲ್ಲ."

"ಹೊರಗ ತಗೊಂಡು ನೋಡವ್ವ."

"ಈ ಬಿಸಲಾಗ? ನಿನಗೇನ್ ಬುದ್ಧಿ ಅದೋ ಇಲ್ಲೋ!"

ಬಲ್ಬು ಬದಲಿಸುವಾಗ ಅವಳ ಮಗ ನನ್ನ ಕಿವಿಯಲ್ಲಿ ಪಿಸುಗುಟ್ಟಿದ: "ಬಾಗಿಲು ಹಾಕಿದ್ರ ದೀಪ ಆರ್ತದಂತ ಹೇಳಬ್ಯಾಡ್ರಿ. ಅವ್ವ ಇಲ್ಲೇ ಕುಂತುಬಿಡ್ತಾಳ."

ದೀಪ ಹತ್ತಿತು. ಅಜ್ಜಿ ಕಣ್ತುಂಬ ನೋಡಿ, ಕೈಮುಗಿದು, ಬಾಗಿಲು ಹಾಕಿದಳು. ನನ್ನತ್ತ ತಿರುಗಿ, "ಒಳಗ ದೀಪ ಉರಿಯಾಕತ್ತದೇನೋ?" ಎಂದಳು.

ನಾನು ಸಾಮಾನು ಚೀಲಕ್ಕೆ ತುಂಬುತ್ತ ಅಂದೆ: "ಭರ್ಜರಿ ಉರಿಯಾಕತ್ತದವ್ವ!"

"ಸುಳ್ಳು ಹೇಳಬ್ಯಾಡ ತಮ್ಮಾ. ಬಾಗಿಲು ಹಾಕಿದ್ರ ಆರ್ತದ, ನನಗ ಗೊತ್ತದ. ಅಂವಗೂ ನಿದ್ದಿ ಬ್ಯಾಡೇನು?"

ಸೆರಗು ಸೊಂಟಕ್ಕೆ ಸಿಕ್ಕಿಸಿ ಆಟೋ ಹತ್ತಿದ ಅಜ್ಜಿ ಅಲ್ಲಿಂದಲೇ ಕೂಗಿದಳು: "ಅಂವ ಆರಾಮ ಮಲಗ್ಲಿ. ಹೆರಿಗಿ ನಾ ನೋಡ್ಕೋತೀನಿ!"